ನಾಲ್ಕು ಅಡಿ ಮೀನಿನ ಟ್ಯಾಂಕು, ಕೆಳಗೆ ಸಂಪು: ಸ್ಟ್ಯಾಂಡಿಗೆ ಒಂದೂವರೆ ಇಂಚಿನ ಪೈಪ್ ಸಾಕೇ?

ಡೊಂಬಿವಲಿ_ಗಪ್ಪಿ:

ಎಲ್ಲರಿಗೂ ನಮಸ್ಕಾರ. ಟ್ಯಾಂಕಿನ ಅಳತೆ 48 × 18 × 20 ಇಂಚು, 10 ಮಿ.ಮೀ. ಗಾಜು, ಮೇಲೆ ಕೆಳಗೆ ಫ್ರೇಮ್ ಇಲ್ಲ. ಸಿಹಿನೀರು. ಕೆಳಗೆ 30 × 14 × 15 ಇಂಚಿನ ಸಂಪ್ (ಫಿಲ್ಟರ್, ಪಂಪ್ ಇರುವ ಟ್ಯಾಂಕ್) ಕೂರಬೇಕು. ಸ್ಟ್ಯಾಂಡ್ ಎತ್ತರ 30 ಇಂಚು. ಮನೆ ಡೊಂಬಿವಲಿಯಲ್ಲಿ, ಮೂರನೇ ಮಹಡಿ, ಆರ್‌ಸಿಸಿ ಕಟ್ಟಡ.

ವೆಲ್ಡರ್ ಹೇಳುವುದು ಹೀಗೆ: ಪೂರ್ತಿ ಒಂದೂವರೆ ಇಂಚಿನ ಎಂ.ಎಸ್. (ಸಾದಾ ಕಬ್ಬಿಣದ) ಚೌಕ ಪೈಪ್, 16 ಗೇಜ್ (1.6 ಮಿ.ಮೀ. ದಪ್ಪ). ಮೂಲೆಗೊಂದು ಕಾಲು, ಹಿಂಬದಿ ನಡುವೆ ಇನ್ನೊಂದು. ಸಂಪ್ ಒಳಗೆ ತಳ್ಳಬೇಕಾದ್ದರಿಂದ ಮುಂದೆ ನಡುಗಾಲು ಬೇಡ. ಈ ಪೈಪ್ ಭಾರ ತಡೆಯುತ್ತಾ? ಮೇಲೆ ಯಾವ ಪ್ಲೈ ಹಾಕಲಿ? ಥರ್ಮಾಕೋಲ್ ಬೇಕಾ? ಸ್ಲ್ಯಾಬ್ ಬಗ್ಗೆಯೂ ಯೋಚನೆ ಇದೆ. ಅಳತೆ ಸಮೇತ ಹೇಳಿದರೆ ಉಪಕಾರ.

ಮೂಲೆಮಟ್ಟ (ಭೋಸರಿ, ಪುಣೆ):

ಮೊದಲು ತೂಕ ಹಾಕೋಣ. ಇಂಚಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ, ಬಂದದ್ದನ್ನು 0.0164ರಿಂದ ಗುಣಿಸಿದರೆ ಲೀಟರ್ ಸಿಗುತ್ತೆ. ನಿಮ್ಮದು 283. ಗಾಜಿನ ದಪ್ಪ, ಮೇಲೆ ಬಿಡುವ ಜಾಗ ಕಳೆದರೆ ನೀರು ಸುಮಾರು 250 ಲೀಟರ್, ಅಂದರೆ 250 ಕೆ.ಜಿ. 10 ಮಿ.ಮೀ. ಗಾಜು ಚದರ ಮೀಟರಿಗೆ 25 ಕೆ.ಜಿ. ತೂಗುತ್ತೆ, ನಿಮ್ಮ ಟ್ಯಾಂಕಿನ ಐದು ಹಲಗೆ ಸೇರಿ 2.26 ಚದರ ಮೀಟರ್, ಹಾಗಾಗಿ ಗಾಜು 57 ಕೆ.ಜಿ. ಮರಳು, ಕಲ್ಲು, ದೀಪ, ಮೇಲಿನ ಪ್ಲೈ ಎಲ್ಲ ಸೇರಿಸಿ ಮೇಲ್ಚೌಕಟ್ಟಿನ ಮೇಲೆ 400 ಕೆ.ಜಿ. ಹಿಡಿಯಿರಿ. ಸಂಪ್ ತುಂಬಿದಾಗ 120, ಸ್ಟ್ಯಾಂಡು ಬಾಗಿಲು ಸೇರಿ 60. ನೆಲಕ್ಕೆ ಬೀಳೋದು ಒಟ್ಟು 580 ಕೆ.ಜಿ. ಆಸುಪಾಸು.

ಈಗ ನಿಮ್ಮ ವೆಲ್ಡರ್ ಹೇಳಿದ ಪೈಪ್. ಅದು ಮುರಿಯಲ್ಲ, ಅಷ್ಟು ಶಕ್ತಿ ಅದಕ್ಕಿದೆ. ಆದರೆ ಬಾಗುತ್ತೆ. ಮುಂದಿನ ಪಟ್ಟಿಗೆ ಕಾಲಿನಿಂದ ಕಾಲಿಗೆ 45 ಇಂಚು ಬಯಲು, ಅದರ ಪಾಲಿಗೆ 200 ಕೆ.ಜಿ. ಎರಡು ತುದಿ ಸುಮ್ಮನೆ ಆನಿಸಿಟ್ಟ ತೊಲೆ ಅಂತ ಲೆಕ್ಕ ಹಾಕಿದರೆ 16 ಗೇಜಿನದು ನಡುವೆ ಮೂರೂವರೆ ಮಿ.ಮೀ. ಇಳಿಯುತ್ತೆ, 14 ಗೇಜಿನದು 3 ಮಿ.ಮೀ. ವೆಲ್ಡ್ ಆದ ಮೂಲೆಗಳ ಬಿಗಿಯಿಂದ ಒಂದಿಷ್ಟು ಕಡಿಮೆಯಾಗಬಹುದು, ಅದನ್ನು ನಂಬಿ ಕೂರಬೇಡಿ. 3 ಮಿ.ಮೀ. ಅಂದರೆ ಇಲ್ಲಿನವರ ಮಾತಿನಲ್ಲಿ ಒಂದು ಸೂತ್, ನಮ್ಮ ಬಡಗಿಗಳ ಮಾತಿನಲ್ಲಿ ಒಂದು ನೂಲು. ಮೇಜಿಗೆ, ಮಂಚಕ್ಕೆ ಅದು ಲೆಕ್ಕಕ್ಕೇ ಇಲ್ಲ. ಗಾಜಿಗೆ ಲೆಕ್ಕ ಇದೆ. ಪಟ್ಟಿ ಇಳಿದರೂ 20 ಇಂಚು ಎತ್ತರದ ಮುಂಗಾಜು ಅದರ ಜೊತೆ ಬಗ್ಗಲ್ಲ; ಸೇತುವೆಯ ಹಾಗೆ ನೆಟ್ಟಗೆ ನಿಂತು ಭಾರವನ್ನೆಲ್ಲ ಎರಡು ತುದಿಗೆ ದೂಡುತ್ತೆ. ನಡುವೆ ತಳದ ಗಾಜಿಗೆ ಆಸರೆ ತಪ್ಪುತ್ತೆ, ಅಲ್ಲಿ ಸಿಲಿಕೋನ್ ಜಗ್ಗುತ್ತಾ ಇರುತ್ತೆ. ಆ ದಿನ ಏನೂ ಆಗಲ್ಲ. ತಿಂಗಳುಗಟ್ಟಲೆ ಜಗ್ಗಿ ಒಂದು ದಿನ ಮೂಲೆಯಲ್ಲಿ ಪಸೆ ಕಾಣಿಸುತ್ತೆ.

ಹಿಂಬದಿ ಮಾತ್ರ ನಡುಗಾಲು ಕೊಡೋದು ಇದಕ್ಕಿಂತ ಕೆಟ್ಟದ್ದು. ಹಿಂದಿನ ಪಟ್ಟಿ ಅಲುಗಲ್ಲ, ಮುಂದಿನದು ಇಳಿಯುತ್ತೆ, ತಳದ ಗಾಜಿಗೆ ಎರಡು ಕಡೆ ಎರಡು ಥರದ ಆಸರೆ. ಎರಡೂ ಉದ್ದಪಟ್ಟಿ ಒಂದೇ ಥರ ವರ್ತಿಸಬೇಕು.

ಪರಿಹಾರ ಸುಲಭ ಇದೆ. ಮೇಲಿನ ಎರಡು ಉದ್ದಪಟ್ಟಿಗೆ ಮಾತ್ರ 3 × 1½ ಇಂಚಿನ ಆಯತ ಪೈಪ್ ತೊಗೊಳ್ಳಿ, 14 ಗೇಜ್, 3 ಇಂಚಿನ ಬದಿ ನಿಲುವಾಗಿ ಬರುವಂತೆ. ಮಲಗಿಸಿದರೆ ಪ್ರಯೋಜನ ಇಲ್ಲ. ನಿಲ್ಲಿಸಿದರೆ ಚೌಕ ಪೈಪಿನ ಐದು ಪಟ್ಟು ಬಿಗಿ, ಇಳಿತ 0.6 ಮಿ.ಮೀ. ಹತ್ತಿರ. ಇದಕ್ಕೆ ಹೆಚ್ಚಾಗುವ ಕಬ್ಬಿಣ ಬರೀ 3 ಕೆ.ಜಿ. ಎರಡೂ ಕಡೆ ನಡುಗಾಲು ಬೇಕಿಲ್ಲ, ಸಂಪ್ ಎಲ್ಲಿಂದ ಬೇಕಾದರೂ ಒಳಗೆ ಹೋಗುತ್ತೆ.

ಉಳಿದದ್ದೆಲ್ಲ ಒಂದೂವರೆ ಇಂಚಿನ ಚೌಕವೇ ಸಾಕು, ಆದರೆ 14 ಗೇಜ್, ಅಂದರೆ 2 ಮಿ.ಮೀ. 16 ಗೇಜ್ ತೆಳು. ಕೈ ಪಳಗದವರು ವೆಲ್ಡ್ ಮಾಡಿದರೆ ತೂತು ಬೀಳುತ್ತೆ, ತುಕ್ಕು ತಿನ್ನೋದಕ್ಕೂ ಬೇಗ. ತುಂಡುಗಳು ಹೀಗೆ: ಕೆಳ ಉದ್ದಪಟ್ಟಿ 48 ಇಂಚಿನವು ಎರಡು, ಅಡ್ಡಪಟ್ಟಿ 15 ಇಂಚಿನವು ಎಂಟು (ಮೇಲೆ ನಾಲ್ಕು, ಕೆಳಗೆ ನಾಲ್ಕು), ಕಾಲು 25½ ಇಂಚಿನವು ನಾಲ್ಕು, ಹಿಂಬದಿಗೆ ಓರೆಪಟ್ಟಿ 52 ಇಂಚಿನದು ಒಂದು, ಪಕ್ಕಗಳಿಗೆ 30 ಇಂಚಿನವು ಎರಡು. ಓರೆಯವನ್ನು ಜಾಗದಲ್ಲಿ ಹಿಡಿದು ಗುರುತು ಹಾಕಿ ತುದಿ ಕತ್ತರಿಸಿ. 20 ಅಡಿಯ ಎರಡು ಪೈಪಿನಲ್ಲಿ ಎಲ್ಲ ಮುಗಿಯುತ್ತೆ: ಒಂದರಲ್ಲಿ ಉದ್ದಪಟ್ಟಿ ಮತ್ತು ಎಂಟು ಅಡ್ಡಪಟ್ಟಿ, ಇನ್ನೊಂದರಲ್ಲಿ ಕಾಲು ಮತ್ತು ಓರೆ. 3 × 1½ರದ್ದು 8 ಅಡಿ. ಒಟ್ಟು ಕಬ್ಬಿಣ 32–33 ಕೆ.ಜಿ. ನಿಮಗೆ ಕಳಂಬೋಲಿಯ ಸ್ಟೀಲ್ ಮಾರ್ಕೆಟ್ ದೂರವಲ್ಲ, ಆದರೆ ಇಷ್ಟಕ್ಕಾಗಿ ಅಲ್ಲಿಗೆ ಹೋಗೋದು ಬೇಡ. ಊರಿನ ಅಂಗಡಿಯಲ್ಲೇ ಕ್ಯಾಲಿಪರ್ ಹಾಕಿ ದಪ್ಪ ನೋಡಿ ಕೊಳ್ಳಿ. 14 ಗೇಜ್ ಅಂತ ಕೊಟ್ಟದ್ದು ಅಳೆದರೆ 1.6 ಬರೋದು ಉಂಟು.

ಡೊಂಬಿವಲಿ_ಗಪ್ಪಿ:

ಇಷ್ಟು ವಿವರ ಕೊಟ್ಟದ್ದಕ್ಕೆ ಧನ್ಯವಾದ ಸರ್. ಒಂದು ಅನುಮಾನ. ಕಾಲನ್ನು ಪೂರ್ತಿ 30 ಇಂಚು ಬಿಟ್ಟು, ಪಟ್ಟಿಗಳನ್ನು ಕಾಲುಗಳ ನಡುವೆ ಕೂರಿಸಿ ವೆಲ್ಡ್ ಮಾಡಿದರೆ ನೋಡಲು ಚೆನ್ನ ಅಂತಾನೆ ವೆಲ್ಡರ್. ಮತ್ತೆ ನಮ್ಮ ಹಾಲ್‌ನ ನೆಲ ಬಾಲ್ಕನಿ ಕಡೆಗೆ ಇಳಿಜಾರು, 4 ಅಡಿಗೆ 5 ಮಿ.ಮೀ. ಇದೆ.

ಮೂಲೆಮಟ್ಟ (ಭೋಸರಿ, ಪುಣೆ):

ಹಾಗೆ ಮಾಡಿಸಬೇಡಿ. ಪಟ್ಟಿ ಕಾಲಿನ ಪಕ್ಕಕ್ಕೆ ಅಂಟಿಕೊಂಡರೆ ಅಷ್ಟೂ ಭಾರ ವೆಲ್ಡಿನ ಮೇಲೆ ನೇತಾಡುತ್ತೆ. ಪಟ್ಟಿ ಕಾಲಿನ ತಲೆ ಮೇಲೆ ಕೂತರೆ ಕಬ್ಬಿಣದ ಮೇಲೆ ಕಬ್ಬಿಣ. ವೆಲ್ಡು ಬರೀ ಜಾಗ ಬಿಟ್ಟು ಕದಲದಂತೆ ಹಿಡಿಯುತ್ತೆ. ಮರದಲ್ಲಿ ಮಾಡುವವರಿಗೂ ಇದೇ ಮಾತು: ಕಾಲಿನ ಪಕ್ಕಕ್ಕೆ ಪಟ್ಟಿ ಇಟ್ಟು ಸ್ಕ್ರೂ ಹೊಡೆದು ಅದರ ಮೇಲೆ ಟ್ಯಾಂಕ್ ಇಟ್ಟರೆ 400 ಕೆ.ಜಿ. ಹೊತ್ತಿರೋದು ಸ್ಕ್ರೂ.

ವೆಲ್ಡ್ ಮಾಡುವಾಗ ನೀವೂ ಪಕ್ಕದಲ್ಲಿರಿ. ಮೊದಲು ಎಲ್ಲ ಮೂಲೆಗೂ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಮಾತ್ರ. ಆಮೇಲೆ ಮೇಲ್ಚೌಕಟ್ಟಿನ ಕರ್ಣ ಅಳೆಯಿರಿ, ಎರಡೂ 51¼ ಇಂಚು ಬರಬೇಕು, ವ್ಯತ್ಯಾಸ 2 ಮಿ.ಮೀ. ದಾಟಬಾರದು. ಕರ್ಣ ಸರಿ ಬಂತು ಅಂದರೆ ಮೂಲೆ ಸರಿ, ಅಷ್ಟೇ; ಚೌಕಟ್ಟು ತಿರುಚಿದೆಯಾ ಅಂತ ಅದರಿಂದ ಗೊತ್ತಾಗಲ್ಲ. ಅದಕ್ಕೆ ಎರಡು ದಾರ ಬೇಕು. ಮೂಲೆಯಿಂದ ಎದುರು ಮೂಲೆಗೆ, ಪೈಪಿನ ಮೇಲ್ಮೈಗೆ ತಾಗಿಸಿ, ಅಡ್ಡಡ್ಡ ಬಿಗಿಯಾಗಿ ಕಟ್ಟಿ. ನಡುವೆ ದಾರಗಳು ಒಂದಕ್ಕೊಂದು ಆಗಷ್ಟೇ ಸೋಕಬೇಕು. ಅಲ್ಲಿ ಸಂದಿ ಇದ್ದರೆ, ಅಥವಾ ಒಂದು ಇನ್ನೊಂದನ್ನು ಒತ್ತುತ್ತಿದ್ದರೆ, ಮೂಲೆ ಎದ್ದಿದೆ. ನಡುವಿನ 1 ಮಿ.ಮೀ. ಸಂದಿ ಅಂದರೆ ಮೂಲೆಯಲ್ಲಿ 2 ಮಿ.ಮೀ. ಟ್ಯಾಕ್ ಇರುವಾಗ ಸುತ್ತಿಗೆಯಲ್ಲಿ ಸರಿಪಡಿಸಬಹುದು, ಪೂರ್ತಿ ವೆಲ್ಡ್ ಆದ ಮೇಲೆ ಕತ್ತರಿಸಬೇಕು. ವೆಲ್ಡ್ ಆರುವಾಗ ತನ್ನ ಕಡೆಗೆ ಎಳೆಯುತ್ತೆ, ಆದ್ದರಿಂದ ಒಂದೇ ಮೂಲೆಯನ್ನು ಮುಗಿಸಿ ಮುಂದೆ ಹೋಗದೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿಸಿ. ಮೇಲ್ಮೈಯ ವೆಲ್ಡ್ ಪೂರ್ತಿ ಗ್ರೈಂಡ್ ಆಗಲಿ. ಅಲ್ಲಿ ಉಳಿದ ಒಂದು ಗುಳ್ಳೆ ಪ್ಲೈ ಎತ್ತುತ್ತೆ, ಪ್ಲೈ ಗಾಜನ್ನು ಎತ್ತುತ್ತೆ.

ನೆಲದ ಇಳಿಜಾರನ್ನು ಸ್ಟ್ಯಾಂಡಿನ ಕೆಳಗೆ ಪ್ಯಾಕಿಂಗ್ ಕೊಟ್ಟು ಸರಿಮಾಡಬೇಕು. ಟ್ಯಾಂಕಿಗೂ ಸ್ಟ್ಯಾಂಡಿಗೂ ನಡುವೆ ಪ್ಯಾಕಿಂಗ್ ಯಾವತ್ತೂ ಬೇಡ, ಕಾರ್ಡ್‌ಬೋರ್ಡ್ ತುಂಡೂ ಬೇಡ.

ವಾಸ್ಕೋ_ರಾಸ್‌ಬೋರಾ (ಗೋವಾ):

ಮ್ಯಾಲಿನ ಮಾತು ಖರೆ ಐತ್ರಿ. ನಾ ನೆಲ ಮತ್ತ ತುಕ್ಕಿನ ಬಗ್ಗೆ ಹೇಳ್ತೀನಿ, ಅದನ್ನ ಎಲ್ಲಾರೂ ಕಡೀಕ್ ನೆನಸ್ತಾರ.

ಕೆಳಗಿನ ಚೌಕಟ್ಟು ಸೀದಾ ಟೈಲ್ಸ್ ಮ್ಯಾಲೆ ಕುಂಡ್ರಸಬ್ಯಾಡ್ರಿ. ದಿನಾ ನೆಲ ಒರಸೂ ಮನಿ ನಮ್ಮವು. ಒರಸಿದ ನೀರು ಪೈಪಿನ ಬುಡಕ್ಕ ಹೋಗಿ ಅಲ್ಲೇ ನಿಂದರತೈತಿ, ವರ್ಷದಾಗ ಕೆಳಗಿನ ಮೈ ಎಲ್ಲಾ ಹಳಕು ಹಳಕಾಗಿ ಏಳತೈತಿ, ಟೈಲ್ಸ್ ಮ್ಯಾಲೆ ಕಂದು ಗೆರಿ ಬೀಳತೈತಿ. 10–12 ಮಿ.ಮೀ. ದಪ್ಪದ ನೈಲಾನ್ ಇಲ್ಲಾ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ತುಂಡು 3 ಇಂಚು ಚೌಕ ಕೊಯ್ಸಿ, ನಾಲ್ಕೂ ಕಾಲಿನ ಕೆಳಗ ಒಂದೊಂದು, ಉದ್ದಪಟ್ಟಿ ನಡುವ ಒಂದೊಂದು, ಒಟ್ಟ ಆರು ಇಡ್ರಿ. ತುಂಡಿನ ಮ್ಯಾಲೆ 75 ಮಿ.ಮೀ. ಚೌಕದ 5 ಮಿ.ಮೀ. ಪ್ಲೇಟ್ ಕಾಲಿಗೆ ವೆಲ್ಡ್ ಮಾಡಿಸ್ರಿ. ಒಂದೊಂದ್ ಕಾಲಿಗೆ 140 ಕೆ.ಜಿ. ಮ್ಯಾಲೇ ಬರತೈತಿ, ಸಣ್ಣ ಜಾಗದಾಗ ಬಿದ್ರ, ಟೈಲ್ಸ್ ಕೆಳಗ ಸಿಮೆಂಟ್ ತುಂಬಿರದ ಪೊಳ್ಳು ಇದ್ರ, ಟೈಲ್ಸ್ ಚಟ್ ಅಂತ ಸೀಳತೈತಿ. ಇಡೂ ಮುಂಚೆ ನಾಣ್ಯದಿಂದ ಆ ಟೈಲ್ಸ್ ಬಡದು ನೋಡ್ರಿ. ಬೊಳಬೊಳ ಅಂದ್ರ ಅಲ್ಲಿ ಕಾಲು ಇಡಬ್ಯಾಡ್ರಿ.

ಇಳಕಲಿಗೆ: ರಸಮಟ್ಟ ಉದ್ದಕ್ಕ, ಅಡ್ಡಕ್ಕ, ಎರಡೂ ಓರೆಕ್ಕ ಇಟ್ಟು ನೋಡ್ರಿ. ತಗ್ಗಿನ ಕಡೆ ನೈಲಾನ್ ತುಂಡಿನ ಕೆಳಗ 1 ಮಿ.ಮೀ., 2 ಮಿ.ಮೀ. ಸ್ಟೀಲ್ ತಗಡು ಸೇರಿಸ್ತಾ ಹೋಗ್ರಿ. ಮರದ ಚಕ್ಕಿ ಬ್ಯಾಡ, ನೀರು ಕುಡದು ಉಬ್ಬತೈತಿ. ನಡುವಿನ ಎರಡು ತುಂಡು ಕಡೀಕ್, ಕೈಯಿಂದ ತಳ್ಳಿದ್ರ ಬಿಗೀ ಹೋಗೂ ಹಂಗ.

ಬಣ್ಣ. ಸಮುದ್ರದ ಗಾಳಿ ಇರೂ ಊರಾಗ ಒಂದ್ ಕೈ ರೆಡ್ ಆಕ್ಸೈಡ್, ಮ್ಯಾಲೊಂದ್ ಕರೀ ಎನಾಮಲ್, ಇಷ್ಟರಾಗ ಮುಗಸಬ್ಯಾಡ್ರಿ. ವೆಲ್ಡಿಂಗ್ ಸ್ಲ್ಯಾಗ್ (ವೆಲ್ಡ್ ಮ್ಯಾಲೆ ಕಟ್ಟೂ ಗಟ್ಟಿ ಪದರು) ಉಳಿ ಹಾಕಿ ಕೆತ್ತಿ ತಗೀಬೇಕು. ಅದರ ಮ್ಯಾಲೆ ಬಣ್ಣ ಹಚ್ಚಿದ್ರ ಸ್ಲ್ಯಾಗ್ ಉದುರಿದಾಗ ಬಣ್ಣನೂ ಉದರತೈತಿ, ಬೆತ್ತಲೆ ಕಬ್ಬಿಣ ಉಳೀತೈತಿ. ವೈರ್ ಬ್ರಶ್, ಎಮರಿ, ಆಮ್ಯಾಲೆ ಥಿನ್ನರ್ ಬಟ್ಟಿಲೆ ಒರಸಿ ಅವತ್ತೇ ಎರಡು ಭಾಗ ಕಲಸೂ ಎಪಾಕ್ಸಿ ಪ್ರೈಮರ್ ಎರಡು ಕೈ. ಒಣಗಿದ ಮ್ಯಾಲೆ ಪಿಯು (ಪಾಲಿಯುರಿಥೇನ್) ಬಣ್ಣ ಎರಡು ಕೈ. ಪೂರಾ ಗಟ್ಟಿ ಆಗಾಕ ಒಂದು ವಾರ ಬಿಡ್ರಿ, ವಾಸನಿ ಹೋಗೂ ತನಕ ಮೀನಿನ ಕ್ವಾಣ್ಯಾಗ ತರಬ್ಯಾಡ್ರಿ. ಪೈಪಿನ ಬಾಯಿ ಎಲ್ಲಾ ತಗಡಿನ ಮುಚ್ಚಳ ಹಾಕಿ ಸುತ್ತಲೂ ವೆಲ್ಡ್ ಮಾಡಿಸ್ರಿ. ಒಳಗ ಗಾಳಿ ಹೊಗದಿದ್ರ ಒಳಗಿನ ತುಕ್ಕು ಅಲ್ಲೇ ನಿಂದರತೈತಿ. ಬಣ್ಣ ಆದ ಮ್ಯಾಲೆ ಡ್ರಿಲ್ ಮಾಡಿದ್ರ ಪೈಪಿನ ಒಳಗ ನೀರಿಗೆ ದಾರಿ ಮಾಡಿಕೊಟ್ಟಂಗ. ಬಾಗಲಾ ಹಿಡಿಯಾಕ ಅಯಸ್ಕಾಂತ ಹಚ್ಚ್ರಿ. ಸತು ಲೇಪದ ಪೈಪ್ ಬ್ಯಾಡ. ವೆಲ್ಡ್ ಮಾಡೂವಾಗ ಅದರ ಹೊಗಿ ಮನಿಷ್ಯಾಗ ಕೆಟ್ಟದ್ದು, ವೆಲ್ಡ್ ಆದಲ್ಲಿ ಲೇಪ ಸುಟ್ಟು ಹೋಗಿರತೈತಿ, ಸತು ನೀರಿಗಿಳಿದ್ರ ಸೀಗಡಿಗೆ ವಿಷ.

ಪ್ಲೈ 18 ಮಿ.ಮೀ., ಐಎಸ್ 710 ಅಂತ ಛಾಪಾ ಇರೂ ಮರೈನ್ ದರ್ಜೆ. ಐಎಸ್ 303 ತೇವ ತಡೀತೈತಿ, ನಿಂತ ನೀರು ತಡಿಯೂದಿಲ್ಲ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎರಡೂ ಬ್ಯಾಡ. ಪ್ಲೈ ನೀರು ಕುಡಿಯೂದು ಅಂಚಿನಿಂದ, ಹಂಗಾಗಿ ಕೊಯ್ದ ಅಂಚಿಗೆ ಅದೇ ಎಪಾಕ್ಸಿ ಮೂರು ಕೈ. ಕೆಳಗಿನ ಪ್ಲೈಗೆ ನಾಲ್ಕು ಮೂಲಿಗೆ ಒಂದೂವರೆ ಇಂಚಿನ ಕಚ್ಚು ಕೊಯ್ಸೂದು ಮರೀಬ್ಯಾಡ್ರಿ, ಕಾಲು ಅಡ್ಡ ಬರ್ತಾವ. ಮ್ಯಾಲೆ ಅರ್ಧ ಇಂಚು ಥರ್ಮಾಕೋಲ್ ಹಾಕ್ರಿ.

ಮೂಲೆಮಟ್ಟ (ಭೋಸರಿ, ಪುಣೆ):

ಥರ್ಮಾಕೋಲ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಇವರ ಟ್ಯಾಂಕಿಗೆ ಕೆಳಗೆ ಫ್ರೇಮ್ ಇಲ್ಲ, ಹಾಗಾಗಿ ಹಾಕಬೇಕು, ಗಟ್ಟಿ ಥರ್ಮಾಕೋಲ್ ಒಂದೇ ಹಾಳೆ, ಜೋಡಿಸಿದ್ದಲ್ಲ. ಪ್ಲಾಸ್ಟಿಕ್ ಫ್ರೇಮ್ ಇರುವ ಟ್ಯಾಂಕಿಗೆ ಹಾಕಬಾರದು. ಅಲ್ಲಿ ತಳದ ಗಾಜು ಎದ್ದು ನಿಂತಿರುತ್ತೆ, ಭಾರ ಫ್ರೇಮಿನ ಅಂಚಿಗೆ ಹೋಗಬೇಕು; ಥರ್ಮಾಕೋಲ್ ಹಾಕಿದರೆ ಫ್ರೇಮ್ ಅದರಲ್ಲಿ ಹೂತು, ಥರ್ಮಾಕೋಲ್ ತಳದ ಗಾಜನ್ನು ಮೇಲಕ್ಕೆ ಒತ್ತುತ್ತೆ. ಇನ್ನೊಂದು, ಥರ್ಮಾಕೋಲ್ ಮರಳಿನ ಕಣ, 1 ಮಿ.ಮೀ. ಏರುಪೇರು ಇಷ್ಟನ್ನು ನುಂಗುತ್ತೆ. ತಿರುಚಿದ ಸ್ಟ್ಯಾಂಡನ್ನು ಅದು ಸರಿ ಮಾಡಲ್ಲ.

ಮುಳುಗುಪಂಪ್ (ಠಾಣೆ):

ಸ್ಟ್ಯಾಂಡಿನ ಅಳತೆ ಆಯಿತು, ಆದರೆ ಈ ಸಂಪ್ ಅಲ್ಲಿ ಕೆಲಸ ಮಾಡುತ್ತದಾ ಎಂದು ಯಾರೂ ನೋಡಿಲ್ಲ ಮಾರಾಯ್ರೆ. ವೆಲ್ಡ್ ಆಗುವ ಮೊದಲೇ ನೋಡಬೇಕಾದ್ದು ಅದು.

ಬಾಯಿ 45 ಇಂಚು, ಸಂಪ್ 30. ಅಗಲಕ್ಕೆ 15 ಇಂಚು ಬಯಲು, ಸಂಪ್ 14. ಎತ್ತರಕ್ಕೆ 25½ರಲ್ಲಿ ಪ್ಲೈ ಕಳೆದು ಸಂಪ್ ಕಳೆದರೆ ಮೇಲೆ ಸುಮಾರು 9¾ ಇಂಚು ಉಳಿಯುತ್ತದೆ. ಫಿಲ್ಟರ್ ಚೀಲ ಎತ್ತಿ ತೆಗೆಯಲು, ಪಂಪಿಗೆ ಕೈ ಹಾಕಲು ಇಷ್ಟು ಸಾಕು. 6 ಇಂಚಿಗಿಂತ ಕಡಿಮೆ ಇದ್ದರೆ ಶುಚಿ ಮಾಡುವುದನ್ನೇ ಬಿಟ್ಟುಬಿಡುತ್ತೀರಿ. ಪಕ್ಕದಲ್ಲಿ ಉಳಿದ 15 ಇಂಚಿನಲ್ಲಿ ಆವಿಯಾದ ನೀರು ತುಂಬಿಸಲು 20 ಲೀಟರಿನ ಡಬ್ಬ ಇಡಿ.

ಈಗ ಮುಖ್ಯ ವಿಷಯ, ಕರೆಂಟ್ ಹೋದಾಗ ಏನಾಗುತ್ತದೆ. ಮೇಲಿನ ಟ್ಯಾಂಕಿನಲ್ಲಿ ಒಂದು ಇಂಚು ನೀರೆಂದರೆ 13 ಲೀಟರ್ ಚಿಲ್ಲರೆ. ಸಂಪಿನಲ್ಲಿ ಒಂದು ಇಂಚು ಆರೂವರೆ ಲೀಟರ್. ಅಂದರೆ ಮೇಲೆ ಒಂದು ಇಂಚು ಇಳಿದರೆ ಕೆಳಗೆ ಎರಡು ಇಂಚು ಏರುತ್ತದೆ. ಪಂಪ್ ನಿಂತ ಕೂಡಲೇ ನೀರು ಓವರ್‌ಫ್ಲೋ (ಸಂಪಿಗೆ ನೀರು ಇಳಿಯುವ ಬಾಯಿ) ಅಂಚಿನವರೆಗೆ ಇಳಿಯುತ್ತದೆ, ಅದು ಸಹಜ. ಜೊತೆಗೆ ರಿಟರ್ನ್ ಪೈಪ್ (ಪಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಒಯ್ಯುವ ಪೈಪ್) ಹಿಮ್ಮುಖವಾಗಿ ಸೈಫನ್ ಆಗುತ್ತದೆ, ಅಂದರೆ ಮೇಲಿನ ನೀರನ್ನು ತಾನೇ ಕೆಳಕ್ಕೆ ಎಳೆಯುತ್ತದೆ, ಇದು ಅಪಾಯ. ಅದರ ಬಾಯಿ ನೀರಿನೊಳಗೆ 4 ಇಂಚು ಮುಳುಗಿದ್ದರೆ 53 ಲೀಟರ್ ಕೆಳಗೆ ಬರುತ್ತದೆ, ಸಂಪ್ 8 ಇಂಚು ಏರಬೇಕು. 10 ಇಂಚಿನಲ್ಲಿ ಓಡುತ್ತಿದ್ದ 15 ಇಂಚಿನ ಸಂಪ್ ಎಲ್ಲಿ ತಡೆಯುತ್ತದೆ? ಮಿಕ್ಕದ್ದು ನೆಲಕ್ಕೆ, ಅಲ್ಲಿಂದ ಕೆಳಗಿನ ಮನೆಯವರ ಸೀಲಿಂಗಿಗೆ.

ರಿಟರ್ನ್ ಬಾಯಿಯನ್ನು ನೀರಿನ ಮಟ್ಟಕ್ಕೆ ಅರ್ಧ ಇಂಚು ಕೆಳಗೆ ಇಡಿ. ಬಾಗಿದ ಪೈಪಿಗೆ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ 4–5 ಮಿ.ಮೀ. ತೂತು ಕೊರೆಯಿರಿ, ಮಟ್ಟ ತೂತಿಗಿಳಿದಾಗ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಆ ತೂತಿನಲ್ಲಿ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಹಾಕಿ. ನಾನ್ ರಿಟರ್ನ್ ವಾಲ್ವ್ ಒಂದನ್ನೇ ನೆಚ್ಚಬೇಡಿ, ಒಂದು ಬಸವನಹುಳ ಸಿಕ್ಕಿದರೆ ಸಾಕು ಅದು ಮುಚ್ಚುವುದಿಲ್ಲ. ಹೀಗೆ ಮಾಡಿದರೆ ಇಳಿತ ಒಂದೂವರೆ ಇಂಚಿನೊಳಗೆ, ಅಂದರೆ 20 ಲೀಟರ್, ಸಂಪಿನಲ್ಲಿ 3 ಇಂಚು. 10 ಇಂಚಿನಲ್ಲಿ ಓಡಿಸಿದರೆ 13ಕ್ಕೆ ನಿಲ್ಲುತ್ತದೆ. ಪಂಪ್ ಬಂದ್ ಮಾಡಿ ಪರೀಕ್ಷಿಸಿ, ಆಮೇಲೆ ಓಡುವಾಗಿನ ಗರಿಷ್ಠ ಮಟ್ಟಕ್ಕೆ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ನೀರು ಸೇರಿಸುವವರು ಯಾರೇ ಆಗಲಿ ಆ ಗೆರೆ ದಾಟಬಾರದು.

ಟ್ಯಾಂಕಿನ ತಳದಲ್ಲಿ ತೂತು ಕೊರೆಸುವುದಾದರೆ ಆ ಜಾಗ ಮೊದಲು ಗೊತ್ತು ಮಾಡಿ, ಮೇಲಿನ ಅಡ್ಡಪಟ್ಟಿ ಅಲ್ಲಿ ಬರದಂತೆ ಸರಿಸಿ. ನಟ್ ತಿರುಗಿಸಲು ಕೈಯೂ ಹೋಗಬೇಕು. ಹಿಂಗಾಜಿನಲ್ಲಿ ಕೊರೆಸುವುದಾದರೆ ಗೋಡೆಯಿಂದ 5 ಇಂಚು ಬಿಡಿ.

ಕರೆಂಟ್ ಬೋರ್ಡ್ ಸಂಪಿನ ಮೇಲೆ ಬರಕೂಡದು. ಪಕ್ಕದ ಕಾಲಿನ ಹೊರಮೈಗೆ, ಎತ್ತರದಲ್ಲಿ ಕೂರಿಸಿ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೆ ಬರಲಿ, ವೈರಿನ ಗುಂಟ ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಕಬ್ಬಿಣದ ಸ್ಟ್ಯಾಂಡಿಗೆ ಅರ್ತಿಂಗ್ ಕೊಡಿಸಿ. ಇದನ್ನು ಖರ್ಚು ಉಳಿಸುವ ಜಾಗ ಎಂದುಕೊಳ್ಳಬೇಡಿ.

ಡೊಂಬಿವಲಿ_ಗಪ್ಪಿ:

ರಿಟರ್ನ್ ಪೈಪಿನ ವಿಷಯ ನನ್ನ ತಲೆಗೇ ಹೋಗಿರಲಿಲ್ಲ, ತುಂಬಾ ಥ್ಯಾಂಕ್ಸ್. ಸ್ಲ್ಯಾಬ್ ಬಗ್ಗೆ ಯಾರಾದರೂ ಹೇಳುತ್ತೀರಾ? ಎರಡು ಜಾಗ ನೋಡಿದ್ದೇನೆ. ಒಂದು ಹೊರಗೋಡೆಗೆ ತಾಗಿ, ಕಂಬದ ಹತ್ತಿರ. ಇನ್ನೊಂದು ಹಾಲ್ ಮತ್ತು ಬಾಲ್ಕನಿ ನಡುವೆ ಪಾರ್ಟಿಷನ್ ಥರ.

ಮೂಲೆಮಟ್ಟ (ಭೋಸರಿ, ಪುಣೆ):

ಮೊದಲನೆಯದು. ಐಎಸ್ 875 (ಕಟ್ಟಡದ ಭಾರಕ್ಕಿರುವ ಭಾರತೀಯ ಮಾನಕ)ರ ಎರಡನೇ ಭಾಗದ ಪ್ರಕಾರ ವಾಸದ ಕೋಣೆಯ ಸ್ಲ್ಯಾಬಿಗೆ ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಸರಿಸುಮಾರು 200 ಕೆ.ಜಿ. ನಿಮ್ಮ ಸ್ಟ್ಯಾಂಡ್ ನಿಲ್ಲೋದು 0.56 ಚದರ ಮೀಟರಿನಲ್ಲಿ, 580 ಕೆ.ಜಿ. ಅಂದರೆ ಆ ಜಾಗದ ಮಟ್ಟಿಗೆ ಐದು ಪಟ್ಟು. ಸ್ಲ್ಯಾಬ್ ಭಾರವನ್ನು ಸುತ್ತ ಹಂಚುತ್ತೆ ನಿಜ, ಆದರೆ ನಡುವೆ ಇಟ್ಟರೆ ಬಾಗೋದು ಹೆಚ್ಚು. ತೊಲೆಗೆ ಹತ್ತಿರ ಇಟ್ಟರೆ ಭಾರ ತೊಲೆಗೆ, ಅಲ್ಲಿಂದ ಕಂಬಕ್ಕೆ ಹೋಗುತ್ತೆ. ಹೊರಗೋಡೆಯ ಕೆಳಗೆ ಸಾಮಾನ್ಯವಾಗಿ ತೊಲೆ ಇರುತ್ತೆ. ಉದ್ದ ಬದಿ ಆ ಗೋಡೆಗುಂಟ ಬರಲಿ. ಬಾಲ್ಕನಿಯ ಚಾಚಿದ ಸ್ಲ್ಯಾಬ್ ಮೇಲೆ ಯಾವ ಕಾಲೂ ಬರಬಾರದು.

ಕೆಳಗಿನ ಮನೆಯವರನ್ನು ಕೇಳಿ, ಆ ಜಾಗದ ಸೀಲಿಂಗ್ ನೋಡಿಕೊಂಡು ಬನ್ನಿ. ಪ್ಲಾಸ್ಟರ್ ಉಬ್ಬಿದ್ದರೆ, ತುಕ್ಕಿನ ಕಲೆ ಇಳಿದಿದ್ದರೆ, ಕಂಬಿ ಕಾಣುತ್ತಿದ್ದರೆ ಅಲ್ಲಿ ಟ್ಯಾಂಕ್ ಇಡಬೇಡಿ. ಕಟ್ಟಡ ಹಳೆಯದಾದರೆ ಸೊಸೈಟಿಯಲ್ಲಿ ಸ್ಟ್ರಕ್ಚರಲ್ ಆಡಿಟ್ ವರದಿ ಇರುತ್ತೆ, ಕೇಳಿ ಓದಿ. ಇಂಜಿನಿಯರಿಗೆ ಒಮ್ಮೆ ತೋರಿಸಿದರೆ ಇನ್ನೂ ಒಳ್ಳೇದು. ಚಾಳಿನ (ಮುಂಬೈ ಕಡೆಯ ಹಳೇ ವಠಾರದ) ಮರದ ತೊಲೆಯ ನೆಲದ ಮೇಲೆ ಇಷ್ಟು ದೊಡ್ಡ ಟ್ಯಾಂಕ್ ಬೇಡವೇ ಬೇಡ, ಇದು ಬೇರೆ ಓದುವವರಿಗೂ ಹೇಳಿದ್ದು.

ನೀರು ಒಂದೇ ಸಲ ತುಂಬಬೇಡಿ. ಮೂರನೇ ಒಂದು ಭಾಗ ತುಂಬಿ, ನಾಲ್ಕು ಮೂಲೆಯಲ್ಲೂ ಗಾಜಿನ ಮೇಲಂಚಿನಿಂದ ನೀರಿನವರೆಗೆ ಸ್ಕೇಲ್ ಹಿಡಿದು ಅಳೆದು ಬರೆದಿಡಿ. ನೀರೇ ಎಲ್ಲಕ್ಕಿಂತ ಒಳ್ಳೆಯ ಮಟ್ಟ. ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ, ಮತ್ತೊಂದು ಭಾಗ ತುಂಬಿ. ಮೂಲೆಗಳ ನಡುವೆ 2 ಮಿ.ಮೀ. ವ್ಯತ್ಯಾಸ ಇದ್ದರೆ ನಡೆಯುತ್ತೆ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಎದುರುಬದುರು ಮೂಲೆ ಎರಡು ತಗ್ಗು ಎರಡು ಎತ್ತರ ಅಂತ ಬಂದರೆ, ನೀರು ತೆಗೆದು ಪ್ಯಾಕಿಂಗ್ ಸರಿಮಾಡಿ. ತುಂಬಿದ ಟ್ಯಾಂಕಿನ ಸ್ಟ್ಯಾಂಡನ್ನು ಜಾಕಿ ಇಟ್ಟು ಎತ್ತಲು ಹೋಗಬೇಡಿ. ಪೂರ್ತಿ ತುಂಬಿದ ಮೇಲೆ ಮುಂದಿನ ಪಟ್ಟಿಯ ತುದಿಯಿಂದ ತುದಿಗೆ ದಾರ ಎಳೆದು ನಡುವಿನ ಇಳಿತ ನೋಡಿ, 1 ಮಿ.ಮೀ. ಒಳಗಿರಬೇಕು.

ಮನೆಯಲ್ಲಿ ಮಕ್ಕಳಿದ್ದರೆ ಮೇಲಿನ ಹಿಂಪಟ್ಟಿಯನ್ನು ಎರಡು ಎಲ್ ಕ್ಲ್ಯಾಂಪಿನಲ್ಲಿ ಗೋಡೆಗೆ ಹಿಡಿಸಿ. ಕ್ಲ್ಯಾಂಪಿನ ತೂತು ಗೋಡೆಗೆ ಮಾತ್ರ. ಸ್ಟ್ಯಾಂಡಿನ ಕಡೆ ಬಣ್ಣಕ್ಕೆ ಮೊದಲೇ ವೆಲ್ಡ್ ಆಗಲಿ.

ವಾಸ್ಕೋ_ರಾಸ್‌ಬೋರಾ (ಗೋವಾ):

ಆ ಕ್ಲ್ಯಾಂಪ್ ಗ್ವಾಡಿಗೆ ಬಿಗಿಯೂದು ನೀರು ಪೂರಾ ತುಂಬಿ ಮಟ್ಟ ನೋಡಿದ ಮ್ಯಾಲೆ ಮಾಡ್ರಿ. ಮೊದಲ ಬಿಗಿದ್ರ ಸ್ಟ್ಯಾಂಡ್ ಹಿಂದ ನೇತು ಬೀಳತೈತಿ, ಮುಂದಿನ ಕಾಲಷ್ಟ ಕೆಳಗ ಕುಂಡರತಾವ.